ಸಿಸಿ ಅಂದರೆ ಯಾವ ಸಿಸಿ?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಫ್ಲ್ಯಾಟಿನ ಜಾಹೀರಾತು, ಬ್ಯಾಂಕ್ ಖಾತೆ, ಬೈಕಿನ ಆರ್‌ಸಿ, ಸಿರಿಂಜು, ಪಂಚಾಯಿತಿ ಕಾಮಗಾರಿಯ ಫಲಕ, ಕೋರ್ಟಿನ ಸಮನ್ಸ್ – ಎಲ್ಲ ಕಡೆಯೂ ‘ಸಿಸಿ’ ಇದೆ, ಒಂದೊಂದು ಕಡೆ ಒಂದೊಂದು ಅರ್ಥ. ಈ ಎರಡಕ್ಷರ ಹಿಡಿದು ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆಯಾ ಕ್ಷೇತ್ರದಲ್ಲಿ ಕೆಲಸ ಮಾಡುವವರೇ ಉತ್ತರಿಸಿದ್ದಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ನೋಡಿದ್ದೇವೆ. ‘ಸಿಸಿ ಬಂದಿದೆ, ಧೈರ್ಯವಾಗಿ ತೊಗೊಳ್ಳಿ’ ಎನ್ನುತ್ತಾರೆ ಬಿಲ್ಡರ್ ಕಡೆಯವರು. ಮುಂಬೈಯಲ್ಲಿರುವ ನಮ್ಮ ಭಾವ, ಸಿಸಿ ಅಂದರೆ ಕೆಲಸ ಶುರು ಮಾಡಲು ಕೊಡುವ ಅನುಮತಿ ಅಷ್ಟೇ ಅನ್ನುತ್ತಾರೆ. ಯಾರ ಮಾತು ಸರಿ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಇಬ್ಬರದೂ ಸರಿ ಇರಬಹುದು. ಅಪಾಯ ಇರುವುದೇ ಅಲ್ಲಿ. ಮುಂಬೈಯಲ್ಲಿ ಸಿಸಿ ಎಂದರೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್, ಕಟ್ಟಲು ಶುರು ಮಾಡಬಹುದು ಎಂಬ ಪತ್ರ. ಅದನ್ನೂ ಅಲ್ಲಿ ಮೊದಲು ಪ್ಲಿಂತ್ (ಅಡಿಪಾಯದ ಮೇಲಿನ ಪೀಠ) ಮಟ್ಟಕ್ಕೆ ಕೊಟ್ಟು, ಆಮೇಲೆ ಮೇಲಿನ ಮಹಡಿಗಳಿಗೆ ವಿಸ್ತರಿಸುತ್ತಾರೆ. ಬೆಂಗಳೂರಿನವರು ‘ಒಸಿ–ಸಿಸಿ ಎರಡೂ ಇದೆ’ ಎನ್ನುವಾಗಿನ ಸಿಸಿ ಕಂಪ್ಲೀಷನ್ ಸರ್ಟಿಫಿಕೇಟ್, ಅಂದರೆ ಕೆಲಸ ಮುಗಿದ ಪತ್ರ; ಒಸಿ ಎಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ವಾಸಕ್ಕೆ ಅನುಮತಿ ಪತ್ರ. ಆದರೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಬೆಂಗಳೂರಿನಲ್ಲೂ ಇದೆ, ಅದನ್ನೂ ಸಿಸಿ ಎಂದೇ ಕರೆಯುತ್ತಾರೆ. ಬಾಯಿಮಾತಿನ ‘ಸಿಸಿ ಬಂದಿದೆ’ ಎನ್ನುವುದಕ್ಕೆ ಆದ್ದರಿಂದ ಬೆಲೆಯೇ ಇಲ್ಲ. ಪತ್ರದ ಪ್ರತಿ ಕೇಳಿ ಪಡೆಯಿರಿ, ತಲೆಬರಹ ಪೂರ್ತಿ ಓದಿ.

ಪ್ರತಿ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಕೊಟ್ಟವರು ಯಾರು ಎಂಬುದನ್ನು. ಬಿಲ್ಡರ್ ನೇಮಿಸಿದ ಆರ್ಕಿಟೆಕ್ಟ್ ಕೂಡ ‘ಕಟ್ಟಡ ಪೂರ್ಣಗೊಂಡಿದೆ’ ಎಂದು ಒಂದು ಪತ್ರ ಕೊಡುತ್ತಾರೆ. ಅದು ಪಾಲಿಕೆಗೆ ಅರ್ಜಿಯ ಜೊತೆ ಸಲ್ಲಿಸುವ ದಾಖಲೆ, ಪಾಲಿಕೆಯ ಪ್ರಮಾಣಪತ್ರ ಅಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 2ನೇ ಕಲಮು ಕಮೆನ್ಸ್‌ಮೆಂಟ್, ಕಂಪ್ಲೀಷನ್, ಆಕ್ಯುಪೆನ್ಸಿ ಎಂಬ ಮೂರು ಪ್ರಮಾಣಪತ್ರಗಳನ್ನೂ ಪ್ರತ್ಯೇಕವಾಗಿಯೇ ವ್ಯಾಖ್ಯಾನಿಸುತ್ತದೆ. ಕಮೆನ್ಸ್‌ಮೆಂಟ್ ಎಂದರೆ ಮಂಜೂರಾದ ನಕ್ಷೆಯ ಪ್ರಕಾರ ಕೆಲಸ ಶುರು ಮಾಡಲು ಅನುಮತಿ. ಕಂಪ್ಲೀಷನ್ ಎಂದರೆ ಯೋಜನೆಯು ಮಂಜೂರಾದ ನಕ್ಷೆ ಮತ್ತು ನಿರ್ದಿಷ್ಟತೆಗಳಂತೆ ಮುಗಿದಿದೆ ಎಂದು ಸಕ್ಷಮ ಪ್ರಾಧಿಕಾರ ದೃಢೀಕರಿಸುವುದು. ಆಕ್ಯುಪೆನ್ಸಿ, ಅಂದರೆ ಸ್ವಾಧೀನಾನುಭವ ಪತ್ರ, ನೀರು, ಒಳಚರಂಡಿ, ವಿದ್ಯುತ್ ವ್ಯವಸ್ಥೆ ಇರುವ ಕಟ್ಟಡದಲ್ಲಿ ವಾಸಕ್ಕೆ ಅನುಮತಿ. ಮನೆ ಕೊಳ್ಳುವವರಿಗೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೂರ್ಣತೆ ಅಥವಾ ಸ್ವಾಧೀನಾನುಭವ ಪತ್ರ ನೋಡದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶಿಸಿದೆ. ಪತ್ರವಿಲ್ಲದ ಫ್ಲ್ಯಾಟ್ ಕೊಂಡರೆ ತಾತ್ಕಾಲಿಕ ಸಂಪರ್ಕದ ದುಬಾರಿ ಬಿಲ್ಲು, ಟ್ಯಾಂಕರ್ ನೀರು, ಮರುಮಾರಾಟದ ತೊಡಕು ಎಲ್ಲವೂ ನಿಮ್ಮ ಹೆಗಲಿಗೇ ಬೀಳುತ್ತವೆ.

ಪತ್ರದಲ್ಲಿ ನಿಮ್ಮ ಬ್ಲಾಕಿನ ಹೆಸರು ಇದೆಯೇ ನೋಡಿ. ದೊಡ್ಡ ಯೋಜನೆಗಳಲ್ಲಿ ಎ ಬ್ಲಾಕಿಗೆ ಮಾತ್ರ ಭಾಗಶಃ ಒಸಿ ಬಂದಿರುತ್ತದೆ, ಮಾರುತ್ತಿರುವುದು ಸಿ ಬ್ಲಾಕಿನ ಮನೆ. ಮಹಡಿಗಳ ಸಂಖ್ಯೆ ಎಣಿಸಿ. ಪತ್ರದಲ್ಲಿ ನೆಲ ಮತ್ತು ನಾಲ್ಕು ಅಂತಸ್ತು ಇದ್ದು, ನೀವು ನೋಡಿದ್ದು ಐದನೇ ಅಂತಸ್ತಿನ ಮನೆಯಾದರೆ ಅಲ್ಲಿಗೇ ನಿಲ್ಲಿಸಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ಅಲ್ಲಿರುವ ದಾಖಲೆಯ ಜೊತೆ ನಿಮ್ಮ ಪ್ರತಿಯ ಸಂಖ್ಯೆ, ದಿನಾಂಕ ಹೋಲಿಸಿ. ಅನುಮಾನ ಉಳಿದರೆ ಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು.

ತೆರಿಗೆಗೂ ಇದೇ ಪತ್ರ ಬೇಕು. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ, ಅಥವಾ ಕಟ್ಟಡದಲ್ಲಿ ಮೊದಲ ವಾಸ ಶುರುವಾದ ಮೇಲೆ, ಇವೆರಡರಲ್ಲಿ ಯಾವುದು ಮೊದಲೋ ಅದರ ನಂತರ ಪೂರ್ತಿ ಹಣ ಕೊಟ್ಟು ಕೊಂಡ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಅದಕ್ಕೂ ಮೊದಲು ಕೊಂಡರೆ 2019ರ ಏಪ್ರಿಲ್ 1ರಿಂದ ಸಾಮಾನ್ಯ ಫ್ಲ್ಯಾಟಿಗೆ ಶೇ 5, ಕೈಗೆಟಕುವ ದರದ ವರ್ಗಕ್ಕೆ (ಬೆಲೆ 45 ಲಕ್ಷದೊಳಗೆ, ಬೆಂಗಳೂರಿನಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರಿನೊಳಗೆ) ಶೇ 1. 80 ಲಕ್ಷದ ಫ್ಲ್ಯಾಟಿಗೆ ಇದು 4 ಲಕ್ಷದ ವ್ಯತ್ಯಾಸ. ‘ಪೂರ್ತಿ ಹಣ’ ಎಂಬ ಮಾತನ್ನು ಗಮನಿಸಿ: ಪತ್ರ ಬರುವ ಮೊದಲೇ ಟೋಕನ್ ಮುಂಗಡ ಕೊಟ್ಟಿದ್ದರೆ ವಿನಾಯಿತಿಯ ವಾದ ನಿಲ್ಲುವುದಿಲ್ಲ.

ಪ್ರಶ್ನೆ: ಕಿರಾಣಿ ಸಗಟು ಅಂಗಡಿಗೆ 10 ಲಕ್ಷದ ಸಿಸಿ ಮಂಜೂರಾಗಿದೆ. ಆದರೂ 9.15 ಲಕ್ಷ ದಾಟಿದ ಚೆಕ್ ವಾಪಸು ಬಂತು. ಉಳಿದ ದುಡ್ಡು ಎಲ್ಲಿ ಹೋಯಿತು?
– ವ್ಯಾಪಾರಿ, ಗಂಗಾವತಿ

ಉತ್ತರ: ನಿಮ್ಮದು ಕ್ಯಾಶ್ ಕ್ರೆಡಿಟ್, ಅಂದರೆ ಮಾಲು ಮತ್ತು ಬರಬೇಕಾದ ಬಾಕಿಯ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುವ ಸಾಲ. ಅದರಲ್ಲಿ ಮಂಜೂರಾದ ಮಿತಿ ಒಂದು, ಡಿಪಿ ಎಂದು ಬ್ಯಾಂಕಿನವರು ಹೇಳುವ ಡ್ರಾಯಿಂಗ್ ಪವರ್ ಇನ್ನೊಂದು. ಎರಡರಲ್ಲಿ ಕಡಿಮೆ ಇರುವಷ್ಟನ್ನು ಮಾತ್ರ ತೆಗೆಯಬಹುದು. ಡಿಪಿ ಲೆಕ್ಕ ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಿಂದಲೇ ಬರುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ಗೋದಾಮಿನಲ್ಲಿ 12 ಲಕ್ಷದ ಮಾಲು, ಅದರಲ್ಲಿ ಇನ್ನೂ ಹಣ ಕೊಡದೆ ಉದ್ರಿ ತಂದದ್ದು 3 ಲಕ್ಷ. ಹಣ ಕೊಟ್ಟ ಮಾಲು 9 ಲಕ್ಷ. ಅದರ ಮೇಲೆ ಶೇ 25 ಮಾರ್ಜಿನ್ (ಬ್ಯಾಂಕು ಸಾಲಕ್ಕೆ ಲೆಕ್ಕ ಹಿಡಿಯದ, ನೀವೇ ಹಾಕಬೇಕಾದ ಪಾಲು) ಕಳೆದರೆ 6.75 ಲಕ್ಷ. ಗಿರಾಕಿಗಳಿಂದ ಬರಬೇಕಾದ, 90 ದಿನದೊಳಗಿನ ಬಾಕಿ 4 ಲಕ್ಷ. ಅದಕ್ಕೆ ಶೇ 40 ಮಾರ್ಜಿನ್ ಕಳೆದರೆ 2.40 ಲಕ್ಷ. ಕೂಡಿದರೆ 9.15 ಲಕ್ಷ. ಮಾರ್ಜಿನ್ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ, ನಿಮ್ಮ ಮಂಜೂರಾತಿ ಪತ್ರದಲ್ಲಿ ಅದನ್ನು ಬರೆದಿರುತ್ತಾರೆ. 90 ದಿನ ದಾಟಿದ ಬಾಕಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಹಳೆಯ ಉದ್ರಿ ವಸೂಲಿ ಮಾಡಿದಷ್ಟೂ ನಿಮಗೇ ಲಾಭ.

ಹೆಚ್ಚಿನ ಖಾತೆಗಳು ಕೆಡುವುದು ಮೂರು ಕಾರಣಕ್ಕೆ. ತಿಂಗಳ ಸ್ಟೇಟ್‌ಮೆಂಟ್ ಕೊಡುವುದನ್ನು ಮರೆಯುತ್ತಾರೆ. ಮೂರು ತಿಂಗಳಿಗಿಂತ ಹಳೆಯ ಸ್ಟೇಟ್‌ಮೆಂಟಿನ ಮೇಲೆ ಹಣ ತೆಗೆಯುತ್ತಿದ್ದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆ ಖಾತೆ ಅನಿಯಮಿತ, ಹಾಗೆಯೇ ಸತತ 90 ದಿನ ನಡೆದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಎರಡನೆಯದು, ಸಿಸಿ ಹಣದಲ್ಲಿ ಗೂಡ್ಸ್ ಗಾಡಿ ಕೊಳ್ಳುವುದು, ಗೋದಾಮು ಕಟ್ಟುವುದು. ಹಣ ಗೋಡೆಯಲ್ಲಿ ಕೂತರೆ ಮಾಲು ಕಡಿಮೆಯಾಗುತ್ತದೆ, ಮಾಲು ಕಡಿಮೆಯಾದರೆ ಡಿಪಿ ಕುಸಿಯುತ್ತದೆ, ಆಗ ಮೊದಲೇ ತೆಗೆದ ಹಣವೇ ಮಿತಿ ಮೀರಿದ್ದಾಗಿಬಿಡುತ್ತದೆ. ಅಂಥ ಖರ್ಚಿಗೆ ಟರ್ಮ್ ಲೋನ್ ಕೇಳಿ. ಮೂರನೆಯದು ವಿಮೆ. ಪಾಲಿಸಿಯಲ್ಲಿ ನಮೂದಿಸದ ಗೋದಾಮಿನಲ್ಲಿಟ್ಟ ಮಾಲಿಗೆ ಬೆಂಕಿ ಬಿದ್ದರೆ ಪರಿಹಾರ ಸಿಗುವುದು ಕಷ್ಟ. ಗೋದಾಮು ಬದಲಾಯಿಸಿದ ದಿನವೇ ಬ್ಯಾಂಕಿಗೂ ವಿಮಾ ಕಂಪನಿಗೂ ಬರೆದು ತಿಳಿಸಿ.

ಮಿತಿ ಹೆಚ್ಚಿಸಿಕೊಳ್ಳಬೇಕೆಂದರೆ, ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಹಿಡಿಯುವ ಸರಳ ಸೂತ್ರ ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 20. ವರ್ಷಕ್ಕೆ 50 ಲಕ್ಷದ ವಹಿವಾಟಿಗೆ 10 ಲಕ್ಷ. ನಿಮ್ಮ ಮಾರಾಟ ಜಿಎಸ್‌ಟಿ ರಿಟರ್ನ್‌ನಲ್ಲಿ ಕಂಡರೆ ಮಾತ್ರ ಈ ಲೆಕ್ಕಕ್ಕೆ ಬಲ. ಬಡ್ಡಿ ದಿನದ ಬಾಕಿಯ ಮೇಲೆ ಬೀಳುವುದರಿಂದ ಸಂಜೆಯ ಗಲ್ಲಾ ಹಣವನ್ನು ಅವತ್ತೇ ಖಾತೆಗೆ ಕಟ್ಟುವುದು ಒಳ್ಳೆಯದು.

ಪ್ರಶ್ನೆ: ಮಗುವಿನ ಜ್ವರಕ್ಕೆ ಡಾಕ್ಟರು ‘ಎರಡೂವರೆ ಸಿಸಿ’ ಕೊಡಿ ಎಂದರು. ಅಳತೆ ಮುಚ್ಚಳದಲ್ಲಿ ಎಂಎಲ್ ಅಂತಿದೆ. ನಮ್ಮ ಅತ್ತೆಯವರ ಇನ್ಸುಲಿನ್ ಸಿರಿಂಜಿನಲ್ಲಿ 1 ಸಿಸಿಗೆ 40 ಎಂದಿದೆ, ಪಕ್ಕದ ಮನೆಯವರದ್ದರಲ್ಲಿ 100 ಎಂದಿದೆ. ಸಿಸಿಯಲ್ಲೂ ವ್ಯತ್ಯಾಸ ಇದೆಯೇ?
– ಗೃಹಿಣಿ, ಶಿವಮೊಗ್ಗ

ಉತ್ತರ: ಸಿಸಿಯಲ್ಲಿ ವ್ಯತ್ಯಾಸ ಇಲ್ಲ. ಇಲ್ಲಿ ಸಿಸಿ ಎಂದರೆ ಕ್ಯೂಬಿಕ್ ಸೆಂಟಿಮೀಟರ್, ಘನ ಸೆಂಟಿಮೀಟರ್. 1 ಸಿಸಿ ಎಂದರೆ 1 ಎಂಎಲ್. (1964ಕ್ಕೆ ಮೊದಲು ಲೀಟರಿನ ವ್ಯಾಖ್ಯಾನ 1 ಕಿಲೋ ನೀರಿನ ಗಾತ್ರವಾಗಿದ್ದರಿಂದ ಕೂದಲೆಳೆಯಷ್ಟು ಅಂತರವಿತ್ತು. ಆ ವರ್ಷದ ಅಂತರರಾಷ್ಟ್ರೀಯ ತೀರ್ಮಾನದಿಂದ ಎರಡೂ ಸಮಸಮ.) ವ್ಯತ್ಯಾಸ ಇರುವುದು ಆ ಒಂದು ಸಿಸಿಯಲ್ಲಿ ಎಷ್ಟು ಔಷಧ ಕರಗಿದೆ ಎಂಬುದರಲ್ಲಿ. ಪ್ರಾಣಕ್ಕೆ ಕುತ್ತು ಬರುವುದೂ ಅಲ್ಲಿಂದಲೇ.

ಪ್ಯಾರಾಸಿಟಮಾಲ್ ನೋಡಿ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ ಇದೆ, 5 ಎಂಎಲ್‌ಗೆ 250 ಇರುವ ಸಿರಪ್ ಇದೆ, ಹಸುಳೆಗಳ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಇದೆ. ‘ಎರಡೂವರೆ ಸಿಸಿ’ ಮೊದಲನೆಯದರಲ್ಲಿ 62.5 ಮಿಲಿಗ್ರಾಂ, ಎರಡನೆಯದರಲ್ಲಿ 125, ಡ್ರಾಪ್ಸ್‌ನಲ್ಲಿ 250. ಅದೇ ಅಳತೆ, ನಾಲ್ಕು ಪಟ್ಟು ಔಷಧ! ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಬಾಟಲಿ ಕೊಟ್ಟಾಗ ಈ ಅಂಕಿ ಓದಿ, ಡಾಕ್ಟರು ಬರೆದ ಶಕ್ತಿಯೇ ಇದೆಯೇ ನೋಡಿ. ಅಡುಗೆಮನೆಯ ಚಮಚ ಬಳಸಬೇಡಿ, ಅವುಗಳ ಗಾತ್ರ ಒಂದೇ ಇರುವುದಿಲ್ಲ. ಸೂಜಿ ಇಲ್ಲದ 5 ಎಂಎಲ್ ಸಿರಿಂಜು ಎಲ್ಲಕ್ಕಿಂತ ನಿಖರ.

ಇನ್ಸುಲಿನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ 1 ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜು. 100 ಯೂನಿಟ್ ಶಕ್ತಿಯದಕ್ಕೆ ಕಿತ್ತಳೆ ಮುಚ್ಚಳದ ಯು-100. ಯು-40 ಬಾಟಲಿಯಿಂದ ಯು-100 ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಹೋಗುವುದು 0.2 ಎಂಎಲ್, ಅಂದರೆ 8 ಯೂನಿಟ್ ಮಾತ್ರ. ಸಕ್ಕರೆ ಏರುತ್ತದೆ, ಔಷಧ ನಾಟುತ್ತಿಲ್ಲ ಎಂದು ಡೋಸ್ ಹೆಚ್ಚಿಸುತ್ತಾರೆ, ಆಮೇಲೊಂದು ದಿನ ಸರಿಯಾದ ಸಿರಿಂಜು ಸಿಕ್ಕಾಗ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಉಲ್ಟಾ ಆದರೆ ಇನ್ನೂ ಅಪಾಯ: ಯು-100 ಇನ್ಸುಲಿನನ್ನು ಯು-40 ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಅರ್ಧ ಎಂಎಲ್, 50 ಯೂನಿಟ್. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸಕ್ಕರೆ ತೀರಾ ಇಳಿದ ಲಕ್ಷಣಗಳಾದ ಬೆವರು, ನಡುಕ, ತೊದಲು ಮಾತು ಕಂಡರೆ, ಎಚ್ಚರವಿದ್ದು ನುಂಗುವಂತಿದ್ದರೆ, ಮೂರು ಟೀ ಚಮಚ ಸಕ್ಕರೆ (ಸುಮಾರು 15 ಗ್ರಾಂ) ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಕೈಬರಹದ ‘ಸಿಸಿ’ ಇಂಗ್ಲಿಷಿನಲ್ಲಿ ಯೂನಿಟ್‌ನ ‘ಯು’ ಅಕ್ಷರದಂತೆ ಕಾಣುವುದರಿಂದ, ಚೀಟಿಯಲ್ಲಿ ಎಂಎಲ್ ಎಂದೇ ಬರೆಯಬೇಕೆಂಬುದು ಔಷಧ ಸುರಕ್ಷತೆಯ ನಿಯಮ. ಬರೆಯಿಸಿಕೊಳ್ಳಲು ಸಂಕೋಚ ಬೇಡ.

ಪ್ರಶ್ನೆ: 100 ಸಿಸಿ ಬೈಕ್ ಎನ್ನುತ್ತಾರೆ, ಆರ್‌ಸಿಯಲ್ಲಿ 97.2 ಇದೆ. ಬೋರ್ ಮಾಡಿಸಿದರೆ ಸಿಸಿ ಬದಲಾಗುತ್ತದೆಯೇ?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಇದೂ ಘನ ಸೆಂಟಿಮೀಟರೇ. ಪಿಸ್ಟನ್ ಕೆಳಗಿನ ತುದಿಯಿಂದ ಮೇಲಿನ ತುದಿಗೆ ಹೋಗುವಾಗ ಸಿಲಿಂಡರಿನಲ್ಲಿ ಸವರಿಕೊಂಡು ಹೋಗುವ ಜಾಗದ ಗಾತ್ರ. ಹೀರೊ ಸ್ಪ್ಲೆಂಡರ್‌ನಲ್ಲಿ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 49.5 ಮಿ.ಮೀ. ಬೋರಿನ ವರ್ಗ 2500, ಅದನ್ನು 0.7854ರಿಂದಲೂ 49.5ರಿಂದಲೂ ಗುಣಿಸಿ, ಸಾವಿರದಿಂದ ಭಾಗಿಸಿದರೆ 97.2. ‘100’ ಎಂಬುದು ಮಾರಾಟದ ದುಂಡು ಸಂಖ್ಯೆ. ರೀಬೋರ್ ಮಾಡಿಸಿ 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಬೋರ್ 50.5, ಸಿಸಿ 99.1. ಸವೆದ ಸಿಲಿಂಡರ್ ಸರಿಪಡಿಸುವ ಮಾಮೂಲಿ ಕೆಲಸ ಇದು. ಸಿಲಿಂಡರ್ ಕಿಟ್ಟನ್ನೇ ಬದಲಿಸಿ ಎಂಜಿನ್ ದೊಡ್ಡದು ಮಾಡಿಸುವುದು ಮಾತ್ರ ಬೇರೆ ಮಾತು. ಆರ್‌ಟಿಒ ಅನುಮತಿ ಇಲ್ಲದೆ ಮಾಡಿಸಿದರೆ ಅಪಘಾತದ ಹೊತ್ತಿಗೆ ವಿಮೆ ಕೈಕೊಡಬಹುದು.

ಕಾನೂನು ಈ ಅಂಕಿಯನ್ನು ಹಲವು ಕಡೆ ನೋಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ವಿಮೆ ದರದಲ್ಲಿ 75 ಸಿಸಿವರೆಗೆ 538 ರೂಪಾಯಿ, 150ರವರೆಗೆ 714, 350ರವರೆಗೆ 1,366, ಅದರಾಚೆ 2,804. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಮೀರಿದರೆ ಶೇ 40. ನೀವು ವಿದ್ಯಾರ್ಥಿಯಾದ್ದರಿಂದ ಇನ್ನೊಂದು ಮಾತು: 16 ತುಂಬಿದವರು ಓಡಿಸಬಹುದಾದ್ದು 50 ಸಿಸಿ ಮೀರದ ಗಾಡಿ ಮಾತ್ರ. ರಸ್ತೆಯಲ್ಲಿ ಕಾಣುವ ಪೆಟ್ರೋಲ್ ಸ್ಕೂಟರುಗಳು ಹೆಚ್ಚಾಗಿ 110, 125 ಸಿಸಿಯವು, 18 ಆಗದೆ ಮುಟ್ಟುವಂತಿಲ್ಲ. ಸಿಕ್ಕಿಬಿದ್ದರೆ ತಂದೆ–ತಾಯಿ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಪ್ರಶ್ನೆ: ನಮ್ಮೂರಿನ ಸಿಸಿ ರಸ್ತೆ ಹಾಕಿದ ತಿಂಗಳೊಳಗೆ ಅಡ್ಡಡ್ಡ ಸೀಳಿತು. ಮುಂದಿನ ಕಾಮಗಾರಿಯಲ್ಲಿ ನಾವು ಏನೇನು ಗಮನಿಸಬೇಕು?
– ಗ್ರಾಮ ಪಂಚಾಯಿತಿ ಸದಸ್ಯರು, ಹಾವೇರಿ ಜಿಲ್ಲೆ

ಉತ್ತರ: ಸಿಮೆಂಟ್ ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಸೀಳುತ್ತದೆ. ಆ ಸೀಳು ನಾವು ಹೇಳಿದ ಜಾಗದಲ್ಲೇ ಬರಲಿ ಎಂದು ಕಟರ್‌ನಿಂದ ಅಡ್ಡ ಗೀರು ಹಾಕುವುದು. ನಿಮ್ಮ ರಸ್ತೆಯಲ್ಲಿ ಒಂದೋ ಗೀರು ಹಾಕಿಲ್ಲ, ಇಲ್ಲವೇ ತಡವಾಗಿ ಹಾಕಿದ್ದಾರೆ. 150 ಮಿ.ಮೀ. ದಪ್ಪದ ರಸ್ತೆಗೆ ಸುಮಾರು ಮೂರೂವರೆಯಿಂದ ನಾಲ್ಕು ಮೀಟರಿಗೊಂದು ಗೀರು, ಆಳ 40ರಿಂದ 50 ಮಿ.ಮೀ. ಇರಬೇಕು. ಅಂಚು ಕಿತ್ತುಬರದಷ್ಟು ಗಟ್ಟಿಯಾದ ಕೂಡಲೇ ಕತ್ತರಿಸಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಹಾಕಿದ್ದಕ್ಕೆ ಅವತ್ತು ರಾತ್ರಿಯೇ ಯಂತ್ರ ಬೇಕಾಗುತ್ತದೆ. ಕಟರ್ ಊರಿಗೆ ಬಂದಿಲ್ಲದಿದ್ದರೆ ಕಾಂಕ್ರೀಟ್ ಶುರು ಮಾಡಲು ಬಿಡಬೇಡಿ.

ಅಂದಾಜು ಪಟ್ಟಿ ಕೇಳಿ ಪಡೆಯಿರಿ. ಗ್ರಾಮೀಣ ಕಾಂಕ್ರೀಟ್ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿ ಹೇಳುವುದು ಎಂ-30 (ಕಾಂಕ್ರೀಟಿನ ಬಲದ ದರ್ಜೆ; ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು). ಕೇರಿಯ ಒಳರಸ್ತೆಗಳಿಗೆ ಎಂ-20 ಹಾಕಿರುವುದೂ ಉಂಟು. 100 ಮೀಟರ್ ಉದ್ದ, 3 ಮೀಟರ್ ಅಗಲ, 150 ಮಿ.ಮೀ. ದಪ್ಪ ಎಂದರೆ 45 ಘನ ಮೀಟರ್. ಸ್ಥಳದಲ್ಲೇ 1:1.5:3 (ಸಿಮೆಂಟ್, ಮರಳು, ಜಲ್ಲಿ) ಕಲಸುವ ಎಂ-20 ಆದರೆ ಘನ ಮೀಟರಿಗೆ 8 ಚೀಲ, ಒಟ್ಟು 360 ಚೀಲ ಸಿಮೆಂಟ್. ಖಾಲಿ ಚೀಲ ಎಣಿಸಿದರೆ ಗೊತ್ತಾಗುತ್ತದೆ. ನೀರು ಚೀಲಕ್ಕೆ 25 ಲೀಟರ್ ಆಸುಪಾಸು, ಮರಳಿನ ತೇವವೂ ಸೇರಿ. ಸಲೀಸಾಗಿ ಹರಿಯಲಿ ಎಂದು ಪೈಪ್ ಬಿಟ್ಟರೆ ಬಲ ಅಲ್ಲಿಗೇ ಹೋಯಿತು. ಮೇಲೆ ನೀರು ಚಿಮುಕಿಸಿ ಸಿಮೆಂಟ್ ಪುಡಿ ಉದುರಿಸಿ ನುಣುಪು ಮಾಡುವುದೂ ಕೂಡದು, ಆ ಪದರ ಮೊದಲ ಮಳೆಗಾಲದಲ್ಲೇ ಏಳುತ್ತದೆ. ಕನಿಷ್ಠ 14 ದಿನ ಒದ್ದೆ ಗೋಣಿಚೀಲ ಅಥವಾ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ, 28 ದಿನ ಟ್ರ್ಯಾಕ್ಟರ್ ಬಿಡಬೇಡಿ. ಎರಡೂ ಅಂಚಿಗೆ ಮೊರಂ ತುಂಬಿ ಗಟ್ಟಿಸದಿದ್ದರೆ ಚಕ್ರ ಇಳಿದು ಹತ್ತುವಾಗ ಅಂಚು ಒಡೆಯುತ್ತದೆ.

ಪ್ರಶ್ನೆ: ಇಮೇಲ್‌ನಲ್ಲಿ ಸಿಸಿ, ಬಿಸಿಸಿ ಎಂದರೇನು? ಟಿವಿ ರಿಮೋಟಿನಲ್ಲೂ ಸಿಸಿ ಗುಂಡಿ ಇದೆ.
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಇಮೇಲ್‌ನದು ಕಾರ್ಬನ್ ಕಾಪಿ, ಟೈಪ್‌ರೈಟರ್ ಕಾಲದ ಕಾರ್ಬನ್ ಹಾಳೆಯಿಂದ ಬಂದದ್ದು. ಸಿಸಿಯಲ್ಲಿ ಹಾಕಿದ ವಿಳಾಸ ಎಲ್ಲರಿಗೂ ಕಾಣುತ್ತದೆ, ಬಿಸಿಸಿಯದು (ಬ್ಲೈಂಡ್ ಕಾರ್ಬನ್ ಕಾಪಿ) ಕಾಣುವುದಿಲ್ಲ. ಹಳೆ ವಿದ್ಯಾರ್ಥಿಗಳಿಗೆಲ್ಲ ಒಟ್ಟಿಗೆ ಕಳಿಸುವಾಗ ಬಿಸಿಸಿ ಬಳಸಿ. ರಿಮೋಟಿನದು ಕ್ಲೋಸ್ಡ್ ಕ್ಯಾಪ್ಷನ್. ಮಾತಿನ ಜೊತೆ ‘ಬಾಗಿಲು ಬಡಿದ ಸದ್ದು’ ಎಂಬಂಥವನ್ನೂ ಬರೆದು ತೋರಿಸುತ್ತದೆ, ಕಿವಿ ಮಂದವಾದವರಿಗೆ ತುಂಬ ಉಪಯೋಗ.

ಪ್ರಶ್ನೆ: ಚೆಕ್ ಬೌನ್ಸ್ ಪ್ರಕರಣದ ಸಮನ್ಸ್‌ನಲ್ಲಿ ‘ಸಿ.ಸಿ. ನಂ.’ ಎಂದಿದೆ. ವಕೀಲರ ಗುಮಾಸ್ತರು ‘ಸಿಸಿಗೆ ಅರ್ಜಿ ಹಾಕಬೇಕು’ ಅನ್ನುತ್ತಾರೆ. ಎರಡೂ ಒಂದೇನಾ?
– ಒಬ್ಬ ಓದುಗರು, ಧಾರವಾಡ

ಉತ್ತರ: ಅಲ್ಲ. ಸಮನ್ಸ್‌ನದು ಕ್ರಿಮಿನಲ್ ಕೇಸ್ ಸಂಖ್ಯೆ. ಚೆಕ್ ಪ್ರಕರಣ ಮೊದಲು ಪಿಸಿಆರ್ ಎಂದು, ಅಂದರೆ ಖಾಸಗಿ ದೂರಾಗಿ, ದಾಖಲಾಗಿ, ನ್ಯಾಯಾಲಯ ವಿಚಾರಣೆಗೆ ತೆಗೆದುಕೊಂಡ ಮೇಲೆ ಸಿ.ಸಿ. ಸಂಖ್ಯೆ ಪಡೆಯುತ್ತದೆ. ಪೊಲೀಸ್ ಪ್ರಕರಣದಲ್ಲಿ ಠಾಣೆಯ ಅಪರಾಧ ಸಂಖ್ಯೆ ಬೇರೆ, ಇದು ಬೇರೆ. ಇ-ಕೋರ್ಟ್ಸ್ ತಾಣದಲ್ಲಿ ಹುಡುಕುವಾಗ ಇವು ಅದಲುಬದಲಾಗದಂತೆ ನೋಡಿಕೊಳ್ಳಿ. ಪ್ರತಿ ಪ್ರಕರಣಕ್ಕೂ ಬೇರೆಯಾಗಿರುವ, 16 ಅಂಕಿ–ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಸಿಕ್ಕರೆ ಗೊಂದಲವೇ ಇಲ್ಲ. ಸಮನ್ಸ್‌ನ ದಿನಾಂಕಕ್ಕೆ ತಪ್ಪದೆ ಹಾಜರಾಗಿ, ಇಲ್ಲದಿದ್ದರೆ ವಾರಂಟ್ ಹೊರಡುತ್ತದೆ.

ಗುಮಾಸ್ತರು ಹೇಳಿದ್ದು ಸರ್ಟಿಫೈಡ್ ಕಾಪಿ, ದೃಢೀಕೃತ ನಕಲು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮಿನಲ್ಲಿ ಇದರ ವಿವರಣೆ ಇದೆ. ಜೆರಾಕ್ಸ್‌ಗೆ ಇಲ್ಲದ ಬೆಲೆ ಇದಕ್ಕುಂಟು. ಉಪನೋಂದಣಿ ಕಚೇರಿಯಲ್ಲಿ ‘ಇಸಿ (ಋಣಭಾರ ಪತ್ರ), ಸಿಸಿ’ ಎನ್ನುವಾಗಿನ ಸಿಸಿಯೂ ಇದೇ, ಕ್ರಯಪತ್ರದ ದೃಢೀಕೃತ ನಕಲು. ಅದಕ್ಕೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಅರ್ಜಿ ಹಾಕಬಹುದು. ದಸ್ತಾವೇಜಿನ ಸಂಖ್ಯೆ, ವರ್ಷ, ಕಚೇರಿ ಮೂರನ್ನೂ ಇಟ್ಟುಕೊಳ್ಳಿ.

ತೀರ್ಪು ನಿಮ್ಮ ವಿರುದ್ಧ ಬಂದರೆ ನಕಲಿಗೆ ಅದೇ ದಿನ ಅರ್ಜಿ ಕೊಡಿ. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ. ಕಾಲಮಿತಿ ಕಾಯ್ದೆಯ 12ನೇ ಕಲಮು ನಕಲು ಪಡೆಯಲು ಹಿಡಿದ ಸಮಯವನ್ನು ಈ ಲೆಕ್ಕದಿಂದ ಕಳೆಯುತ್ತದೆ, ಆದರೆ ಅರ್ಜಿ ಹಾಕದೆ ಸುಮ್ಮನೆ ಕಳೆದ ದಿನಗಳನ್ನು ಕಳೆಯುವುದಿಲ್ಲ. ನಕಲಿನ ಹಿಂಬದಿಯಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ನಮೂದಾಗಿರುತ್ತವೆ. ಕೌಂಟರ್ ಬಿಡುವ ಮೊದಲೇ ಅವು ಸರಿಯಾಗಿವೆಯೇ ಓದಿ ನೋಡಿ.